ಆಟಕ್ಕೆ ಆಳು ಬೇಕು, ಇಂಗ್ಲಿಷ್ ಬಾರದಿದ್ದರೂ ನಡೆದೀತು!



ಹೋದ ಹಬ್ಬಕ್ಕೆ ಒಬ್ಬ ಹುಡುಗ ನಮ್ಮ ಪ್ರೆಸ್ಸಿಗೆ ಬಂದ. ನಮ್ಮ ಗುಡೇಕೋಟೆಯವನೇ. ಬೆಂಗಳೂರಿನಲ್ಲಿ ಕೆಲಸ. ಕೈಯಲ್ಲಿ ಒಂದು ಇಂಗ್ಲಿಷ್ ಹಾಳೆ. "ಅಣ್ಣಾ, ಇಂಥಾದ್ದು ಕನ್ನಡದಾಗ ನೂರು ಪ್ರತಿ ಹಾಕಿಕೊಡ್ತೀಯಾ?" ಅಂದ.

ಹಾಳೆ ನೋಡಿದೆ. ಮೇಲೆ ಹೆಸರು ಬರೆಯುವ ಗೆರೆ. ಕೆಳಗೆ ಶಕ್ತಿ, ಚುರುಕು, ಬುದ್ಧಿ, ಧೈರ್ಯ ಅಂತ ಚೌಕಗಳು. ಯಾವುದೋ ಶಾಲೆಯ ಅಂಕಪಟ್ಟಿ ಇರಬೇಕು ಅಂದುಕೊಂಡೆ. ಅಲ್ಲವಂತೆ. ಅದು ಒಂದು ಆಟದ ಹಾಳೆ. ಮೇಜಿನ ಸುತ್ತ ಕೂತು ಪಾತ್ರ ಹಾಕಿ ಆಡುವ ಆಟ.

ಆಟ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಐದಾರು ಜನ ಸುತ್ತ ಕೂರಬೇಕು. ಒಬ್ಬ ಕತೆ ನಡೆಸುವವನು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಒಬ್ಬ ಕಳ್ಳ, ಒಬ್ಬಳು ವೈದ್ಯೆ, ಒಬ್ಬ ಬಿಲ್ಲುಗಾರ. ಕತೆ ನಡೆಸುವವನು, "ಮುಂದೆ ಬೆಟ್ಟ, ಬೆಟ್ಟದಲ್ಲಿ ಗವಿ, ಗವಿಯ ಬಾಯಲ್ಲಿ ಕರಡಿ. ಈಗ ನೀನೇನು ಮಾಡುತ್ತೀ?" ಅಂತ ಕೇಳುತ್ತಾನೆ. ಆಟಗಾರ ತನ್ನ ಪಾತ್ರ ಏನು ಮಾಡುತ್ತದೆ ಅಂತ ಹೇಳಬೇಕು. ಆಗುತ್ತದೋ ಇಲ್ಲವೋ ಅನುಮಾನವಿದ್ದರೆ ದಾಳ ಉರುಳಿಸಬೇಕು. ಗೆಲುವು ಸೋಲು ಅಂತ ಹೆಚ್ಚೇನಿಲ್ಲ. ಎಲ್ಲರೂ ಸೇರಿ ಒಂದು ಕತೆ ಕಟ್ಟುತ್ತಾರೆ, ಅಷ್ಟೇ.

ಬೆಂಗಳೂರಿನ ಒಂದು ಕಾಫಿ ಅಂಗಡಿಯ ಗೋಡೆಯ ಮೇಲೆ ನಮ್ಮ ಹುಡುಗ ಒಂದು ಚೀಟಿ ನೋಡಿದನಂತೆ. "ಹೊಸ ಆಟಗಾರರು ಬೇಕಾಗಿದ್ದಾರೆ, ಅನುಭವ ಬೇಕಿಲ್ಲ" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಹೋದ. ಮೇಜಿನ ಸುತ್ತ ಇದ್ದ ಆರು ಜನರಲ್ಲಿ ನಾಲ್ವರು ಕನ್ನಡದವರೇ. ಆದರೆ ಆಟ ಪೂರ್ತಿ ಇಂಗ್ಲಿಷಿನಲ್ಲಿ! ಕತೆ ನಡೆಸುವವನು ಇದೇ ಗವಿ, ಇದೇ ಕರಡಿ ತಂದು ನಿಲ್ಲಿಸಿ, "ಈಗ ನೀನೇನು ಮಾಡುತ್ತೀ?" ಅಂತ ಇವನನ್ನು ಕೇಳಿದ.

ಕೇಳಿದ್ದು ಯಾರನ್ನು? ಗುಡೇಕೋಟೆಯವನನ್ನು! 2013ರಲ್ಲಿ ಸರ್ಕಾರ ಕರಡಿಧಾಮ ಅಂತ ಘೋಷಿಸಿದ ಊರಿನವನನ್ನು! ಹುಟ್ಟಿದಾಗಿನಿಂದ ಬಂಡೆ, ಗವಿ, ಕರಡಿ ನೋಡಿಯೇ ಬೆಳೆದವನನ್ನು! ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಪ್ರೆಸ್ಸಿನಲ್ಲಿ ಕೂತು ನನಗೆ ಹೇಳಿದ: "ಕರಡಿ ಜೊತಿ ಯಾರರ ಗುದ್ದಾಡ್ತಾರೇನಣ್ಣ? ಜೇನುತಟ್ಟಿ ಆಕಡಿ ಬಂಡಿ ಮ್ಯಾಲೆ ಇಡಬೇಕು. ಗಾಳಿ ಯಾಕಡಿಗೆ ಬೀಸ್ತೈತಿ ನೋಡಿಕ್ಯಂಡು, ಅದು ವಾಸನಿ ಹಿಡದು ಆಕಡಿ ಹೋದಾಗ ಈಕಡಿಂದ ಸುಮ್ಮನ ಒಳಗ ಹೋಗಬೇಕು."

ಎಂಥ ಉತ್ತರ! ಆದರೆ ಮೇಜಿನ ಮುಂದೆ ಈ ಉತ್ತರ ಹೊರಗೆ ಬರಲಿಲ್ಲ. ಇಂಗ್ಲಿಷಿಗೆ ತಿರುವಿ ಹಾಕುವುದರೊಳಗೆ ಎಲ್ಲರೂ ಇವನ ಮುಖ ನೋಡುತ್ತಿದ್ದರು. ಬೆವರಿದ. ಕೊನೆಗೆ "ಐ ಅಟ್ಯಾಕ್" ಅಂದುಬಿಟ್ಟ. ಮುಂದಿನ ಭಾನುವಾರವೂ "ಐ ಅಟ್ಯಾಕ್". ಅದರ ಮುಂದಿನ ಭಾನುವಾರವೂ "ಐ ಅಟ್ಯಾಕ್". ನಾಲ್ಕನೇ ಭಾನುವಾರ ಹೋಗಲಿಲ್ಲ. ಯಾರೂ ಅವನಿಗೆ ಕೆಟ್ಟ ಮಾತಾಡಲಿಲ್ಲ, ನಗಲಿಲ್ಲ, ಹೊರಗೆ ಹಾಕಲಿಲ್ಲ. ಅವನೇ ಬಿಟ್ಟ. ಆ ಗುಂಪಿನವರು ಮತ್ತೆ ಅದೇ ಚೀಟಿ ಅಂಟಿಸಿದರಂತೆ: ಹೊಸ ಆಟಗಾರರು ಬೇಕಾಗಿದ್ದಾರೆ!

ಗೆಳೆಯರೇ, ಆಟಗಾರರು ಸಿಗುತ್ತಿಲ್ಲ ಅಂತ ಗೋಳಾಡುವವರು ಸ್ವಲ್ಪ ಯೋಚಿಸಿ. ಸಿಕ್ಕವನನ್ನು ಕಳೆದುಕೊಂಡದ್ದು ಯಾರು? ಕ್ರಿಕೆಟ್ ಆಡಲು ಭಾಷೆ ಬೇಕಿಲ್ಲ, ಕೇರಂ ಆಡಲು ಬೇಕಿಲ್ಲ. ಈ ಆಟಕ್ಕೆ ಮಾತೇ ಬ್ಯಾಟು, ಮಾತೇ ಬಾಲು. ಬೈಯುವುದು, ಬೇಡುವುದು, ಸುಳ್ಳು ಹೇಳಿ ಪಾರಾಗುವುದು, ಸಾಯುವ ಗೆಳೆಯನ ತಲೆ ತೊಡೆಯ ಮೇಲಿಟ್ಟುಕೊಂಡು ಅಳುವುದು, ಇವೆಲ್ಲ ಮನೆಮಾತಿನಲ್ಲಿ ಬಂದಷ್ಟು ಕಚೇರಿ ಮಾತಿನಲ್ಲಿ ಬರುತ್ತದೆಯೇ? ಮಾತು ಕಿತ್ತುಕೊಂಡು ಆಡು ಅಂದರೆ ಕೈ ಕಟ್ಟಿ ಈಜು ಅಂದಂತಾಯಿತು.

"ಏನ್ಮಾಡೋದು ಸಾರ್, ಆಟವೇ ಇಂಗ್ಲಿಷಿನದು" ಅನ್ನುವ ಬುದ್ಧಿವಂತರಿಗೆ ಒಂದಿಷ್ಟು ಇತಿಹಾಸ ಹೇಳಬೇಕು. ಹೌದು, ಈ ಬಗೆಯ ಆಟ ಪುಸ್ತಕವಾಗಿ ಮೊದಲು ಬಂದದ್ದು ಅಮೆರಿಕಾದಲ್ಲಿ, 1974ರಲ್ಲಿ. ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೊದಲ ಮುದ್ರಣ ಬರೀ 1000 ಪ್ರತಿ. ನಮ್ಮಂಥ ಸಣ್ಣ ಪ್ರೆಸ್ಸಿನವರೂ ಹಾಕಬಹುದಾದ ಲೆಕ್ಕ!

ಆಮೇಲೆ ಏನಾಯಿತು? ಸ್ವೀಡನ್ನಿನವರು 1982ರಲ್ಲಿ ತಮ್ಮ ಭಾಷೆಯಲ್ಲಿ ದ್ರಾಕರ್ ಓಕ್ ದೆಮೋನರ್ ಅನ್ನುವ ಆಟ ತಂದರು. ಜರ್ಮನ್ನರು 1984ರಲ್ಲಿ ದಾಸ್ ಶ್ವಾರ್ತ್ಸೆ ಆವ್ಗೆ ತಂದರು. ಅದರರ್ಥ ಕಪ್ಪು ಕಣ್ಣು. ಸ್ವೀಡನ್ನಿನ ಜನಸಂಖ್ಯೆ ಎಷ್ಟು ಗೊತ್ತೇ? ಇವತ್ತಿಗೂ ಸುಮಾರು ಒಂದು ಕೋಟಿ! ಬೆಂಗಳೂರೊಂದರಲ್ಲೇ ಅಷ್ಟು ಜನ ಇದ್ದಾರೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಚೆನ್ನಾಗೇ ಬರುತ್ತಿತ್ತು. ಆದರೂ ಮಕ್ಕಳು ಆಡುವುದು ತಮ್ಮ ಭಾಷೆಯಲ್ಲಿರಲಿ ಅಂದರು.

ಜಪಾನಿನ ಕತೆ ಇನ್ನೂ ಚೆಂದ. 1986ರಲ್ಲಿ ಅಲ್ಲಿನ ಒಂದು ಗುಂಪು ಈ ಆಟ ಆಡಿ, ಮೇಜಿನ ಸುತ್ತ ಆಡಿದ ಮಾತನ್ನೇ ಬರೆದು ಪತ್ರಿಕೆಯಲ್ಲಿ ಧಾರಾವಾಹಿ ಮಾಡಿತು. ಹೆಸರು ಲೋಡಾಸ್ ದ್ವೀಪದ ಯುದ್ಧದ ಕತೆ. ಓದಿದವರಿಗೆ ತಾವೂ ಆಡೋಣ ಅನ್ನಿಸಿತು. 1989ರಲ್ಲಿ ಅದೇ ಗುಂಪು ಸ್ವೋರ್ಡ್ ವರ್ಲ್ಡ್ ಅನ್ನುವ ಆಟವನ್ನು ಜೇಬಿನಲ್ಲಿ ಹಿಡಿಸುವ ಅಗ್ಗದ ಪುಸ್ತಕವಾಗಿ ತಂದಿತು. ಇಪ್ಪತ್ತು ಮುಖದ ವಿಚಿತ್ರ ದಾಳ ಬೇಡ, ಅಂಗಡಿಯಲ್ಲಿ ಸಿಗುವ ಆರು ಮುಖದ ಎರಡು ದಾಳ ಸಾಕು ಅಂದಿತು. ಪುಸ್ತಕ ಕೈಗೆಟುಕಿತು, ದಾಳ ಮನೆಯಲ್ಲೇ ಇತ್ತು, ಮಾತು ಬಾಯಲ್ಲೇ ಇತ್ತು. ಆಟಗಾರರು ಬರದೆ ಇರುತ್ತಾರೆಯೇ?

ಆಟಗಾರರನ್ನು ಕರೆಯುವುದು ಹೀಗೆ. ಬಾಗಿಲು ತೆರೆದಿದೆ ಅಂತ ಚೀಟಿ ಅಂಟಿಸಿ, ಹೊಸ್ತಿಲನ್ನು ಆಳೆತ್ತರ ಕಟ್ಟಿದರೆ ಯಾರು ಬರುತ್ತಾರೆ?

ಇಷ್ಟೆಲ್ಲ ಪರದೇಶದ ಮಾತೇಕೆ? ನಮ್ಮ ಬಯಲಾಟವನ್ನೇ ನೋಡಿ. ನಮ್ಮ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸೀಮೆ ದೊಡ್ಡಾಟದ ಸೀಮೆ. ನಮ್ಮಪ್ಪನ ಕಾಲದ ಟ್ರೆಡಲ್ ಮಷಿನ್ನಿನಿಂದ ಈಗಿನ ಆಫ್‌ಸೆಟ್‌ವರೆಗೂ ಬಯಲಾಟದ, ನಾಟಕದ ಹ್ಯಾಂಡ್‌ಬಿಲ್ ಹಾಕಿಯೇ ನಮ್ಮ ಹೊಟ್ಟೆ ತುಂಬಿದೆ. ದೊಡ್ಡಾಟದಲ್ಲಿ ಪಾತ್ರಧಾರಿ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು, ನೀವು ಯಾರು, ಯಾವ ದೇಶ, ಬಂದ ಕಾರಣವೇನು ಅಂತ ಕೇಳುತ್ತಾನೆ. ಪಾತ್ರಧಾರಿ ತನ್ನ ಬಿರುದು ಬಾವಲಿ ಹೇಳಿಕೊಳ್ಳುತ್ತಾನೆ. ಮೇಜಿನ ಆಟದಲ್ಲಿ ಕತೆ ನಡೆಸುವವನೂ ಹೊಸಬನನ್ನು ಕೇಳುವುದು ಇದನ್ನೇ! ಅವನಿಗೆ ಇಂಗ್ಲಿಷ್ ಹೆಸರೇಕೆ? ಸಾರಥಿ ಅನ್ನಿ. ಅಪ್ಪಟ ನಮ್ಮ ಮಾತು.

ದೊಡ್ಡಾಟದ ಮಾಸ್ತರ ಪಾತ್ರಕ್ಕೆ ಹುಡುಗರನ್ನು ಆರಿಸುವಾಗ ಓದು ಬರಹ ಬರುತ್ತದೆಯೇ ಅಂತ ಕೇಳುತ್ತಿರಲಿಲ್ಲ. ಧ್ವನಿ ನೋಡುತ್ತಿದ್ದ, ನಿಲುವು ನೋಡುತ್ತಿದ್ದ. ಅಕ್ಷರ ಬಾರದವನಿಗೆ ಕಿವಿಯಲ್ಲಿ ಹೇಳಿ ಹೇಳಿ ಮಾತು ಕೂರಿಸುತ್ತಿದ್ದ. ಎರಡು ಮೂರು ತಿಂಗಳು ರಾತ್ರಿ ತಾಲೀಮು. ಹಗಲು ಕೂಲಿ ಮಾಡಿದವನು ರಾತ್ರಿ ದುರ್ಯೋಧನ! ಹಾಗೆ ಕರೆದದ್ದಕ್ಕೇ ಊರಿನ ಆಟ ತಲೆಮಾರುಗಟ್ಟಲೆ ನಡೆಯಿತು.

ಈಗ ಊರಲ್ಲೂ ಆಳಿಲ್ಲ. ದುರ್ಯೋಧನ ಬೆಂಗಳೂರಿನಲ್ಲಿ ಡೆಲಿವರಿ ಬ್ಯಾಗು ಹೊತ್ತಿದ್ದಾನೆ. ಭೀಮ ಸೆಕ್ಯೂರಿಟಿ ಕೆಲಸದಲ್ಲಿದ್ದಾನೆ. ಊರಿನ ರಂಗ ಬಿಟ್ಟು ಹೋದವನಿಗೆ ಶಹರದ ಮೇಜಿನಲ್ಲೂ ಜಾಗವಿಲ್ಲ ಅಂದರೆ ಅವನು ಎಲ್ಲಿ ಬಾಯಿ ಬಿಡಬೇಕು? ಇದು ಬರೀ ಆಟದ ಪ್ರಶ್ನೆ ಅಂತ ಯಾರಾದರೂ ಅಂದರೆ ಅಂಥವರಿಗೆ ಕೈಮುಗಿದೆ.

ಇನ್ನು ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಒಳ್ಳೆಯದು. ಆದರೆ ಬೋರ್ಡಿನ ಒಳಗೆ ಕೂತ ನಾಲ್ವರು ಕನ್ನಡಿಗರ ಬಾಯಲ್ಲಿ ಕನ್ನಡ ಶೇಕಡಾ ಎಷ್ಟು? ಅದಕ್ಕೆ ಯಾವ ಕಾನೂನು ತರುತ್ತೀರಿ? ಆ ಮೇಜಿನಲ್ಲಿ ಕನ್ನಡಕ್ಕೆ ಅಡ್ಡ ಬಂದವರು ಹೊರಗಿನವರಲ್ಲ. "ಕನ್ನಡದಲ್ಲಿ ಆಡೋಣ" ಅನ್ನುವ ಒಂದು ಮಾತು ಹೇಳಲು ನಾಚಿದ ನಮ್ಮವರೇ! ನಮ್ಮ ಹುಡುಗನೂ ಆ ಮಾತು ಹೇಳಲಿಲ್ಲ. ಅವನಿಗೂ ಇದನ್ನೇ ಹೇಳಿದೆ.

ಹಾಗಾದರೆ ಮಾಡುವುದೇನು? ಭಾಷಣ ಸಾಕು, ಕೆಲಸದ ಮಾತಿಗೆ ಬರೋಣ.

ಒಂದು, ಚೀಟಿ ಕನ್ನಡದಲ್ಲಿರಲಿ. "ಪಾತ್ರದಾಟಕ್ಕೆ ಹೊಸಬರು ಬೇಕು. ಆಟ ಗೊತ್ತಿಲ್ಲದಿದ್ದರೂ ಬನ್ನಿ, ಇಂಗ್ಲಿಷ್ ಬಾರದಿದ್ದರೂ ಬನ್ನಿ. ವಾರಕ್ಕೊಮ್ಮೆ, ಮೂರು ತಾಸು" ಅಂತ ದಿನ, ಜಾಗ, ಹೊತ್ತು ಸ್ಪಷ್ಟವಾಗಿ ಬರೆಯಿರಿ. ಕಾಫಿ ಅಂಗಡಿಯಲ್ಲಿ ಮಾತ್ರ ಅಂಟಿಸಬೇಡಿ. ಗ್ರಂಥಾಲಯ, ಹಾಸ್ಟೆಲ್, ಪಿ.ಜಿ., ಮೆಸ್ಸು, ಗ್ಯಾರೇಜು ಇಲ್ಲೆಲ್ಲ ಅಂಟಿಸಿ. ಆಟ ಪಾರ್ಕಿನ ಕಟ್ಟೆಯ ಮೇಲೂ ನಡೆಯುತ್ತದೆ. ಇನ್ನೂರು ರೂಪಾಯಿಯ ಕಾಫಿ ಕುಡಿಯಲೇಬೇಕು ಅಂತ ಯಾವ ನಿಯಮದ ಪುಸ್ತಕದಲ್ಲೂ ಇಲ್ಲ.

ಎರಡು, ಮೊದಲ ದಿನವೇ ಹೊಸಬನ ಕೈಗೆ ದಪ್ಪ ಪುಸ್ತಕ ಕೊಟ್ಟು ಹೆದರಿಸಬೇಡಿ. ಪಾತ್ರದ ಹಾಳೆ ನೀವೇ ತುಂಬಿ ಕೊಡಿ. ಹೆಸರಿನ ಜಾಗ ಮಾತ್ರ ಅವನಿಗೆ ಬಿಡಿ. ಒಂದೇ ಕೂಟದಲ್ಲಿ ಮುಗಿಯುವ ಸಣ್ಣ ಕತೆ ಇರಲಿ. ಆಡುತ್ತಾ ಆಡುತ್ತಾ ನಿಯಮ ತಾನೇ ತಿಳಿಯುತ್ತದೆ. ಮಾಸ್ತರ ಕಲಿಸಿದ್ದು ಹಾಗೇ ಅಲ್ಲವೇ?

ಮೂರು, ಅವರವರ ಊರಿನ ಕನ್ನಡದಲ್ಲಿ ಆಡಲಿ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ಕೋಲಾರದ ಕನ್ನಡ, ನಮ್ಮ ಗುಡೇಕೋಟೆಯ ಕನ್ನಡ, ಎಲ್ಲಕ್ಕೂ ಮೇಜಿನಲ್ಲಿ ಜಾಗವಿದೆ. ಇಂಗ್ಲಿಷ್ ಪದ ಬಾಯಿಗೆ ಬಂದರೆ ಬರಲಿ, ಶುದ್ಧಿ ಮಡಿ ಬೇಡ. ಕನ್ನಡ ಕಲಿಯಬೇಕು ಅನ್ನುವ ಹೊರರಾಜ್ಯದ ಗೆಳೆಯ ಬಂದರೆ ಅವನನ್ನೂ ಕೂರಿಸಿಕೊಳ್ಳಿ. ಕರಡಿ ಎದುರು ನಿಂತಾಗ ಕಲಿತ ಮಾತು ಯಾರಿಗೂ ಮರೆಯುವುದಿಲ್ಲ!

ನಾಲ್ಕು, ಹೆಣ್ಣುಮಕ್ಕಳನ್ನು ಮರೆಯಬೇಡಿ. ಊರಿನ ನಾಟಕದಲ್ಲಿ ಮನೆ ಹುಡುಗಿ ರಂಗ ಹತ್ತಿದರೆ ಏನಂದಾರು ಅಂತ ಹೆದರಿ, ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಿದ್ದೆವು. ಇಲ್ಲಿ ಆ ನೆಪವೂ ಇಲ್ಲ. ಓಬವ್ವ ನಮ್ಮ ಗುಡೇಕೋಟೆಯ ಮಗಳು ಅಂತ ನಮ್ಮ ಜನ ಇವತ್ತಿಗೂ ಹೇಳುತ್ತಾರೆ. ಹೈದರನ ಸೈನಿಕರು ಚಿತ್ರದುರ್ಗದ ಕಿಂಡಿಯಲ್ಲಿ ನುಸುಳುವಾಗ ಆಕೆಯ ಕೈಗೆ ಕತ್ತಿ ಯಾರೂ ಕೊಟ್ಟಿರಲಿಲ್ಲ. ಮನೆಯ ಒನಕೆಯೇ ಸಾಕಾಯಿತು.

ಐದು, ಪುಸ್ತಕದ ಚಿಂತೆ ಬಿಡಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ಸುಮಾರು 400 ಪುಟಗಳನ್ನು 2023ರ ಜನವರಿಯಲ್ಲಿ ಅದರ ಕಂಪನಿಯೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದೆ. ಮೂಲದವರ ಹೆಸರು ಹಾಕಿದರೆ ಸಾಕು, ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಬಹುದು, ಮಾರಲೂಬಹುದು. ಕಾನೂನಿನ ತಡೆ ಇಲ್ಲ. ನಮ್ಮ ಸೋಮಾರಿತನದ್ದೇ ತಡೆ! 400 ಪುಟವೂ ಬೇಕಿಲ್ಲ. ಹೊಸಬರಿಗೆ 32 ಪುಟದ ಒಂದು ಪುಸ್ತಿಕೆ ಸಾಕು. ಯಾರಾದರೂ ಬರೆದುಕೊಟ್ಟರೆ ಕಾಗದದ ಖರ್ಚಿಗೆ ಅಚ್ಚು ಹಾಕಿಕೊಡುವ ಹೊಣೆ ನನ್ನದು. ಜಪಾನಿನವರ ಹಾಗೆ ನಿಮ್ಮ ಮೇಜಿನ ಮಾತು ಬರೆದು ಕಳಿಸಿದರೆ ಇನ್ನೂ ಸಂತೋಷ.

ಕತೆಗೆ ವಸ್ತು ಇಲ್ಲ ಅನ್ನಬೇಡಿ. ಗುಡೇಕೋಟೆ, ಜರಿಮಲೆ, ಹರಪನಹಳ್ಳಿ, ಚಿತ್ರದುರ್ಗ, ಒಂದೊಂದೂ ಪಾಳೆಯಗಾರರ ಠಾಣ್ಯ. ಬೆಟ್ಟದ ಮೇಲೆ ಕೋಟೆ, ಕೋಟೆಯ ಸುತ್ತ ಬಂಡೆ, ಬಂಡೆಯ ಸಂದಿಯಲ್ಲಿ ಗವಿ. ಡ್ರ್ಯಾಗನ್ ಹುಡುಕಿಕೊಂಡು ಪರದೇಶಕ್ಕೆ ಯಾಕೆ ಹೋಗಬೇಕು?

ಆ ಹುಡುಗನ ನೂರು ಹಾಳೆ ಹಾಕಿಕೊಟ್ಟೆ. ಶಕ್ತಿ, ಚುರುಕು, ಬುದ್ಧಿ, ಧೈರ್ಯ. ದುಡ್ಡು ತಗೊಳ್ಳಲಿಲ್ಲ. ಮೊದಲ ಹಾಳೆಯಲ್ಲಿ ತನ್ನ ಪಾತ್ರದ ಹೆಸರನ್ನು ಪ್ರೆಸ್ಸಿನ ಕಟ್ಟೆಯ ಮೇಲೇ ಕೂತು ಬರೆದುಕೊಂಡ. ಬೆಂಗಳೂರಿಗೆ ಹೋದ ಮೇಲೆ ಈ ಸಲ ಚೀಟಿ ಅಂಟಿಸುವವನು ತಾನೇ ಅಂದಿದ್ದಾನೆ. ಉಳಿದ ತೊಂಬತ್ತೊಂಬತ್ತು ಹಾಳೆ ಖಾಲಿ ಇವೆ.

ಗವಿಯ ಬಾಯಲ್ಲಿ ಕರಡಿ ನಿಂತಿದೆ ಗೆಳೆಯರೇ. ಸಾರಥಿ ಕನ್ನಡದಲ್ಲೇ ಕೇಳುತ್ತಿದ್ದಾನೆ. ಈಗ ನೀವೇನು ಮಾಡುತ್ತೀರಿ?

ಸಿರಿಗನ್ನಡಂ ಗೆಲ್ಗೆ!