ಮೆಲ್ಬರ್ನ್ ಕಂತು 7: ದಡದಲ್ಲಿ ಡಬ್ಬಿ ಕಾಯೋ ಅಮ್ಮಂದಿರು

ನೈಟ್ ಡ್ಯೂಟಿ ಮುಗಿಸಿ ಬಂದು ಬರೀತಿದೀನಿ. ಖಾರ ಜಾಸ್ತಿಯಾದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಬೇಸಿಗೆ ಬಂತಂದ್ರೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಲ್ಲಿ ಒಂದೇ ಪ್ರಶ್ನೆ: "ಫ್ಯಾಮಿಲಿ ಜತೆ ದೋಣಿ ಆಡೋಕೆ ಒಳ್ಳೇ ಜಾಗ ಹೇಳಿ." ಉತ್ತರಗಳೂ ಅವವೇ. ಯಾರಾ ನದಿಯ ಸ್ಟಡ್ಲಿ ಪಾರ್ಕ್ ಬೋಟ್‌ಹೌಸ್, 1863ರಿಂದ ಇರೋದು. ಹಾಯಿದೋಣಿಗೆ ಆಲ್ಬರ್ಟ್ ಪಾರ್ಕ್ ಕೆರೆ. ಸಮುದ್ರ ಬೇಕಂದ್ರೆ ವಿಲಿಯಮ್ಸ್‌ಟೌನ್. ಜಾಗಗಳ ಬಗ್ಗೆ ನಂದೇನೂ ತಕರಾರಿಲ್ಲ. ಆ 'ಫ್ಯಾಮಿಲಿ' ಅನ್ನೋದರ ಬಗ್ಗೆ ಇದೆ. ಯಾವ ಭಾನುವಾರ ಬೇಕಾದ್ರೂ ಹೋಗಿ ನೋಡಿ: ದೋಣೀಲಿ ಅಪ್ಪ, ಮಕ್ಕಳು. ದಡದಲ್ಲಿ ಜಮಖಾನ ಹಾಸಿ, ಎಲ್ಲರ ಚಪ್ಪಲಿ, ಮೊಬೈಲು, ಚಿತ್ರಾನ್ನದ ಡಬ್ಬಿ ಕಾಯ್ತಾ ಅಮ್ಮ.

ನಾನು ತೀರ್ಥಹಳ್ಳಿ ಕಡೆಯವಳು. ಅಣ್ಣ ಹತ್ತು ವರ್ಷಕ್ಕೇ ತುಂಗಾ ಹೊಳೇಲಿ ಈಜ್ತಿದ್ದ. ನಾನು ಬಟ್ಟೆ ಒಗೆದು, ಬಂಡೆ ಮೇಲೆ ಹರವಿ ಬರ್ತಿದ್ದೆ. ಯಾರೂ ಬೇಡ ಅಂದಿರ್ಲಿಲ್ಲ, ಕಲಿಸೋ ಮಾತೇ ಬರಲಿಲ್ಲ. ಆಮೇಲೆ ಬಿಎಸ್ಸಿ ನರ್ಸಿಂಗ್. ಮುಳುಗಿದವರಿಗೆ ಸಿಪಿಆರ್ ಮಾಡೋದು ಗೊತ್ತು, ತೇಲೋದು ಗೊತ್ತಿಲ್ಲ!

ಎರಡು ವರ್ಷದ ಹಿಂದೆ, ಜನವರಿಯ ಸುಡುಬಿಸಿಲು, ವಿಲಿಯಮ್ಸ್‌ಟೌನ್ ಬೀಚ್. ಗಾಳಿ ತುಂಬೋ ಕಾಯಕ್‌ನಲ್ಲಿ ಯಜಮಾನ್ರು, ಎಂಟು ವರ್ಷದ ಮಗಳು. ನೀರು ನಮ್ಮೂರ ಕೆರೆ ಥರ ತಣ್ಣಗೆ ಮಲಗಿತ್ತು. ಮಗಳು ಕೈ ಬೀಸಿದಳು, ನಾನೂ ಬೀಸಿದೆ. ಫೋಟೋನೂ ತೆಗೆದೆ. ಅವಳು ಟಾಟಾ ಮಾಡ್ತಿರಲಿಲ್ಲ, ನನ್ನನ್ನ ಕರೀತಿದ್ದಳು.

ಇಲ್ಲಿ ಸುಡೋ ದಿನ ಅಂದ್ರೆ ಸಾಮಾನ್ಯವಾಗಿ ಉತ್ತರದ ಗಾಳಿ. ಆ ಬೀಚಿನ ಮುಖ ದಕ್ಷಿಣಕ್ಕೆ. ಹಾಗಾಗಿ ಗಾಳಿ ನೆಲದಿಂದ ನೀರಿನ ಕಡೆ ಬೀಸುತ್ತೆ. ದಡದ ಹತ್ರ ಅಲೆ ಏಳಲ್ಲ, ಅದಕ್ಕೇ 'ಮಕ್ಕಳಿಗೆ ಸೇಫ್' ಅನ್ನಿಸುತ್ತೆ. ಹಗುರದ ದೋಣಿನ ಮಾತ್ರ ತರಗೆಲೆ ಥರ ಕೊಲ್ಲಿಯೊಳಕ್ಕೆ ತಳ್ಕೊಂಡು ಹೋಗುತ್ತೆ. ಸಂಜೆಗೆ ಗಾಳಿ ದಿಕ್ಕು ತಿರುಗಿ ನೈರುತ್ಯದಿಂದ ಒಮ್ಮೆಗೇ ಅಪ್ಪಳಿಸೋದೂ ಉಂಟು. ಪ್ಯಾಡಲ್ ಬೋರ್ಡ್ ಮೇಲಿದ್ದ ಇಬ್ಬರು ಹೋಗಿ ಎಳ್ಕೊಂಡು ಬಂದರು. ಮಗಳ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ, ತೋಳಿಗೆ ಗಾಳಿ ತುಂಬಿದ ಪಟ್ಟಿ ಅಷ್ಟೇ. ನಾನು ಮೊಣಕಾಲುದ್ದ ನೀರಲ್ಲಿ ನಿಂತು ಕೂಗ್ತಿದ್ದೆ. 000ಗೆ ಫೋನ್ ಮಾಡೋದು ಸಹ ಹೊಳೀಲಿಲ್ಲ. ಆಸ್ಪತ್ರೇಲಿ ದಿನಾ ಎಮರ್ಜೆನ್ಸಿ ನೋಡೋಳಿಗೆ!

ಇದನ್ನ ಹೇಳಿದ್ರೆ ನಮ್ಮವರ ಉತ್ತರ, "ನದೀಲಿ ಏನಾಗುತ್ತೆ ಬಿಡಿ, ಜಾಕೆಟ್ ಸೆಕೆ." ಸ್ವಾಮಿ, ವಿಕ್ಟೋರಿಯಾದಲ್ಲಿ ಕಾಯಕ್ ಏರಿದ ಪ್ರತಿಯೊಬ್ಬರೂ ಜಾಕೆಟ್ ಹಾಕಲೇಬೇಕು, ಕಾನೂನು. ಅಣ್ಣನ ಜಾಕೆಟ್ ತಮ್ಮನಿಗೆ ತೊಡಿಸೋದೂ ಬೇಡ. ಭುಜದ ಹತ್ರ ಹಿಡಿದು ಎತ್ತಿ, ಕಿವಿವರೆಗೆ ಮೇಲೆ ಬಂತಾ? ಹಾಗಾದ್ರೆ ಅದು ಆ ಮಗುವಿಗೆ ದೊಡ್ಡದು.

"ಯಾರಾದ್ರೂ ದಡದಲ್ಲಿ ಇರಬೇಕಲ್ಲ?" ಖಂಡಿತ ಇರಬೇಕು. ಆದರೆ ಗಾಳಿ ದಿಕ್ಕು ಗೊತ್ತಿದ್ದು, ಎಷ್ಟೊತ್ತಿಗೆ ವಾಪಸ್ ಅಂತ ಮಾತಾಡ್ಕೊಂಡು, ಫೋನ್ ಕೈಲಿಟ್ಕೊಂಡು ನೀರನ್ನೇ ನೋಡೋರು ಇರಬೇಕು. ಅದು ಯಾವಾಗಲೂ ಅಮ್ಮನ ಪಾಳೀನೇ ಯಾಕೆ? ನಮ್ಮ ವಾರ್ಡಲ್ಲಿ ಇಂಥ ರೋಸ್ಟರ್ ಹಾಕಿದ್ರೆ ಗಲಾಟೆನೇ ಆಗುತ್ತೆ.

"ಹೆಂಗಸರಿಗೇ ಇಷ್ಟ ಇಲ್ಲ" ಅನ್ನೋದಕ್ಕಂತೂ ನನಗೆ ಸಿಟ್ಟು ಬರುತ್ತೆ. ನಮ್ಮನ್ನ ಯಾರು ಕೇಳಿದ್ರು? ನಿಜ, ಈಜುಡುಗೆ ಅಂದ್ರೆ ನಾಚಿಕೆ. ನಾನು ಲೆಗ್ಗಿಂಗ್ಸ್, ತುಂಬುತೋಳಿನ ಅಂಗಿ ಥರದ್ದನ್ನ ಹಾಕ್ಕೊಂಡು ಮೂವತ್ತಾರನೇ ವಯಸ್ಸಿಗೆ ಕೊಳಕ್ಕಿಳಿದೆ. ಕೆಲವು ಕೊಳಗಳಲ್ಲಿ ಹೆಂಗಸರಿಗೇ ಬೇರೆ ಹೊತ್ತಿರುತ್ತೆ, ವಿಚಾರಿಸಿ. ಮೂರು ವಾರ ಮೂಗಿಗೆ ನೀರು ಹೋಗಿದ್ದೇ ಹೋಗಿದ್ದು. ಮಗಳು ಈಗ ಪುಟ್ಟ ಹಾಯಿದೋಣಿ ಕಲೀತಿದಾಳೆ. ದೋಣಿ ಮಗುಚಿದ್ರೆ ಏನು ಮಾಡ್ಬೇಕು ಅಂತ ಊಟದ ಹೊತ್ತಲ್ಲಿ ನನಗೇ ಪಾಠ.

ಈ ಭಾನುವಾರ ಸ್ಟಡ್ಲಿ ಪಾರ್ಕ್‌ಗೆ ಹೋಗ್ತೀವಿ. ಗಾಳಿ ಹೇಗಿರುತ್ತೆ ನೋಡಿದೀನಿ. ಹುಟ್ಟು ಹಾಕೋಳು ನಾನು. ದಡದ ಪಾಳಿ ಯಜಮಾನ್ರದ್ದು, ಡಬ್ಬಿ ಸಮೇತ.