ಆಟದ ದಿನ ಬೀದಿ ಯಾರದು?

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದೊಡ್ಡ ಪಂದ್ಯ ನಡೆಯುವಾಗ ಪೋಲೀಸು ಇಲಾಖೆಯಿಂದ ಒಂದು ಪ್ರಕಟಣೆ ಹೊರಡುವುದು ವಾಡಿಕೆ. ಕ್ವೀನ್ಸ್ ರಸ್ತೆ, ಎಂ.ಜಿ. ರಸ್ತೆ, ಕಬ್ಬನ್ ರಸ್ತೆ, ಸೆಂಟ್ರಲ್ ಸ್ಟ್ರೀಟ್, ಕಸ್ತೂರ್ಬಾ ರಸ್ತೆ ಮೊದಲಾದೆಡೆ ವಾಹನ ನಿಲ್ಲಿಸಕೂಡದು. ಶಿವಾಜಿನಗರದ ಬಸ್ ನಿಲ್ದಾಣದ ಕಟ್ಟಡ, ಸೇಂಟ್ ಜೋಸೆಫ್ ಶಾಲೆಯ ಮೈದಾನ, ಯು.ಬಿ. ಸಿಟಿ ಮುಂತಾದ ಕಡೆ ನಿಲ್ಲಿಸಿ ನಡೆದು ಬರತಕ್ಕದ್ದು. ಹೀಗೆ ಕಾರಿನವನಿಗೆ ವಿಳಾಸವೇನೋ ಸಿಕ್ಕಿತು. ಆದರೆ ಕಾಲ್ನಡಿಗೆಯಲ್ಲಿ ಬರುವವನಿಗೆ, ಬಸ್ಸಿಗೆ ಕಾದು ನಿಂತವಳಿಗೆ, ಅದೇ ಬೀದಿಯಲ್ಲಿ ಕಡಲೆಕಾಯಿ ಮಾರಿ ಹೊಟ್ಟೆ ಹೊರೆಯುವವನಿಗೆ ಸಿಕ್ಕಿದ್ದೇನು? ಈ ಪ್ರಶ್ನೆಯನ್ನು ನಾವು ಸರಕಾರದ ಮುಂದೂ ಆಟ ನಡೆಸುವವರ ಮುಂದೂ ಇಡಬಯಸುತ್ತೇವೆ.

ಬೆಂಗಳೂರಿನ ಬೀದಿಯ ಚಿಂತೆ ಜಿಲ್ಲೆಯ ಊರಿನವರಾದ ನಮಗೇಕೆ ಎಂದು ಓದುಗರು ಕೇಳಬಹುದು. ಪಂದ್ಯ ನೋಡಲು ಹೋಗುವವರು ಬೆಂಗಳೂರಿನವರು ಮಾತ್ರವಲ್ಲ. ಗಿರಣಿಯಲ್ಲಿ ಪಾಳಿ ಮುಗಿಸಿದ ಹುಡುಗನೂ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಹುಡುಗನೂ ದುಡ್ಡು ಕೂಡಿಸಿ, ರೈಲು ಹತ್ತಿ ಹೋಗುತ್ತಾರೆ. 2025ರ ಜೂನ್ 4ರಂದು ಆ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಸತ್ತವರು ಎಳೆಯ ವಯಸ್ಸಿನವರು; ಹೊರ ಜಿಲ್ಲೆಗಳಿಂದ ಹೋದವರೂ ಅವರಲ್ಲಿದ್ದರು. ಅಂದು ಆಟವೇ ಇರಲಿಲ್ಲ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಗೆದ್ದ ಬೆಂಗಳೂರು ತಂಡದ ವಿಜಯೋತ್ಸವ. ಮೂವತ್ತೈದು ಸಾವಿರ ಜನ ಹಿಡಿಸುವ ಕಡೆಗೆ ಎರಡು ಮೂರು ಲಕ್ಷ ಜನ ಬಂದರೆಂದು ಸರಕಾರವೇ ಹೇಳಿತು. ಮೆರವಣಿಗೆ ಉಂಟೋ ಇಲ್ಲವೋ, ಒಳಹೋಗಲು ಪಾಸು ಬೇಕೋ ಬೇಡವೋ ಎಂಬುದು ಜನಕ್ಕೆ ಖಚಿತವಾಗಿ ತಿಳಿಯಲಿಲ್ಲ. ಜನ ಕಿಕ್ಕಿರಿದ ಮೇಲೆ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧದ ಮೆಟ್ರೋ ನಿಲ್ದಾಣಗಳಲ್ಲಿ ಗಾಡಿ ನಿಲ್ಲಿಸುವುದನ್ನು ಕೈಬಿಡಬೇಕಾಯಿತು. ಬಂದವರಿಗೆ ಒಳಗೂ ಜಾಗವಿಲ್ಲ, ಹಿಂತಿರುಗುವ ದಾರಿಯೂ ಮುಚ್ಚಿತು!

ಈ ದುರಂತದ ವಿಚಾರಣೆ ನಡೆಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಅವರ ಆಯೋಗ 2025ರ ಜುಲೈನಲ್ಲಿ ವರದಿ ಕೊಟ್ಟಿತು. ಭಾರಿ ಜನ ಸೇರುವುದಕ್ಕೆ ಈ ಕ್ರೀಡಾಂಗಣದ ರಚನೆಯೇ ತಕ್ಕದ್ದಲ್ಲ ಎಂದಿತು. ಬಾಗಿಲುಗಳೆಲ್ಲ ನೇರವಾಗಿ ಕಾಲುಹಾದಿಗೆ ತೆರೆಯುತ್ತವೆ. ಸಾಲು ನಿಲ್ಲಲು ಬೇರೆ ಅಂಗಳವಿಲ್ಲವಾದ್ದರಿಂದ ಸಾಲು ರಸ್ತೆಗೇ ಬರುತ್ತದೆ. ದೊಡ್ಡ ಸಮಾರಂಭಗಳನ್ನು ಸಾಕಷ್ಟು ಬಾಗಿಲುಗಳೂ, ರಸ್ತೆಯಿಂದ ಪ್ರತ್ಯೇಕವಾದ ಸಾಲಿನ ಜಾಗವೂ, ಸಾರ್ವಜನಿಕ ಸಾರಿಗೆಯೂ, ವಾಹನ ನಿಲ್ಲಿಸುವ ಎಡೆಯೂ ಇರುವ ಕಡೆಗೆ ಒಯ್ಯಬೇಕೆಂಬುದು ಆಯೋಗದ ಸಲಹೆ. ಬೀದಿಯ ವ್ಯವಸ್ಥೆ ಎಂಬುದು ಶ್ರೀಮಂತರ ಕಾರಿನ ಸುಖದುಃಖದ ಮಾತಲ್ಲ, ಬಡವರ ಮಕ್ಕಳ ಪ್ರಾಣದ ಮಾತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಟ್ಟಿದವರನ್ನು ದೂರುವುದರಿಂದ ಫಲವಿಲ್ಲ. ಈ ಕ್ರೀಡಾಂಗಣಕ್ಕೆ ಶಂಕುಸ್ಥಾಪನೆಯಾದದ್ದು 1969ರಲ್ಲಿ. ಮೊದಲ ಟೆಸ್ಟ್ ಪಂದ್ಯ ನಡೆದದ್ದು 1974ರಲ್ಲಿ, ವೆಸ್ಟ್ ಇಂಡೀಸ್ ತಂಡದ ಎದುರು. 1971ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಹದಿನಾರೂವರೆ ಲಕ್ಷ. ಇಂದು ಅಲ್ಲಿ ನೋಂದಾಯಿತ ವಾಹನಗಳೇ ಕೋಟಿ ಮೀರಿವೆ. ಊರು ಬೆಳೆಯಿತು, ಆಟದ ವ್ಯಾಪಾರ ಬೆಳೆಯಿತು, ಬಾಗಿಲು ಮತ್ತು ಬೀದಿ ಮಾತ್ರ ಇದ್ದಂತೆಯೇ ಉಳಿದವು.

ವಾಹನ ನಿಲ್ಲಿಸಲು ಇನ್ನಷ್ಟು ಜಾಗ ಕೊಡಿ, ಎಲ್ಲವೂ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅಂಗಡಿಯವರು ಲೆಕ್ಕ ಬಲ್ಲವರು. ಅವರೇ ಈ ಲೆಕ್ಕವನ್ನು ನೋಡಲಿ. ಪ್ರೇಕ್ಷಕರಲ್ಲಿ 30,000 ಜನ ಕಾರಿಗೆ ಮೂವರಂತೆ ಬಂದರೆ 10,000 ಕಾರುಗಳಾದವು. ಒಂದು ಕಾರು ನಿಲ್ಲಲು, ಒಳಗೆ ಬಂದು ಹೊರಗೆ ಹೋಗಲು, ಕಡಮೆಯೆಂದರೂ 25 ಚದರ ಮೀಟರು ಬೇಕು. ಒಟ್ಟು ಎರಡೂವರೆ ಲಕ್ಷ ಚದರ ಮೀಟರು. ಅಂದರೆ 60 ಎಕರೆಗೂ ಮೇಲೆ! ಊರಿನ ನಡುಮಧ್ಯೆ ಅಷ್ಟು ನೆಲ ಎಲ್ಲಿಂದ ತರುವುದು? ಕಬ್ಬನ್ ಪಾರ್ಕಿನ ಮರ ಕಡಿಯುವುದೆ? ಇನ್ನೊಂದು ಕಡೆಯ ಲೆಕ್ಕವನ್ನೂ ನೋಡೋಣ. ಆರು ಡಬ್ಬಿಯ ಒಂದು ಮೆಟ್ರೋ ಗಾಡಿ ಸಾವಿರದೈನೂರು ಜನರನ್ನು ಹೊರಬಲ್ಲುದು. ಹತ್ತು ಗಾಡಿ ಬಂದರೆ ಹದಿನೈದು ಸಾವಿರ ಜನ ಮನೆ ಸೇರುವ ದಾರಿ ಹಿಡಿದಂತೆ. ನೂರು ಬಸ್ಸು ನಿಂತಿದ್ದರೆ ಇನ್ನೊಂದು ಆರು ಸಾವಿರ. ಪಂದ್ಯದ ರಾತ್ರಿಗಳಲ್ಲಿ ಮೆಟ್ರೋ ತಡವಾಗಿ ಓಡಿದ್ದೂ ಉಂಟು, ಹಿಂತಿರುಗುವವರಿಗೆ ಮುಂಚೆಯೇ ಟಿಕೆಟ್ ಕೊಟ್ಟದ್ದೂ ಉಂಟು. ಅದು ಒಳ್ಳೆಯ ಕೆಲಸ. ಅದನ್ನು ನಾವು ಮೆಚ್ಚುತ್ತೇವೆ. ಆದರೆ ಮೆಟ್ರೋ ಇಳಿದ ಮೇಲೆ ಕೊನೆಯ ಬಸ್ಸು ಹೋಗಿಬಿಟ್ಟಿದ್ದರೆ ಪೀಣ್ಯದ ಕಾರ್ಮಿಕ ಉಳಿದ ದಾರಿಯನ್ನು ಹೇಗೆ ಕ್ರಮಿಸಬೇಕು? ಆಟೋದವನು ಕೇಳಿದಷ್ಟು ಕೊಟ್ಟು ಅರ್ಧ ದಿನದ ಕೂಲಿ ಕಳೆದುಕೊಳ್ಳಬೇಕೆ?

ಇನ್ನು ಸಣ್ಣ ವ್ಯಾಪಾರಿಗಳ ಮಾತು. ಪಂದ್ಯದಿಂದ ವ್ಯಾಪಾರ ಕುದುರುವುದಲ್ಲವೆ ಎನ್ನುತ್ತಾರೆ. ದೊಡ್ಡ ಹೋಟೆಲಿಗೆ ಕುದುರೀತು. ಆದರೆ ರಸ್ತೆಗೆ ಅಡ್ಡಗಟ್ಟೆ ಬಿದ್ದ ದಿನ ಚಿಲ್ಲರೆ ಅಂಗಡಿಗೆ ಸರಕಿನ ಗಾಡಿ ಬರುವುದು ಹೇಗೆ, ಖಾಯಂ ಗಿರಾಕಿ ಬರುವುದು ಹೇಗೆ? ತಳ್ಳುಗಾಡಿಯವನನ್ನು ಮೊದಲು ಓಡಿಸುತ್ತಾರೆ. ಬೀದಿಬದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲು 2014ರಲ್ಲಿಯೇ ಪಾರ್ಲಿಮೆಂಟು ಕಾನೂನು ಮಾಡಿದೆ. ಆ ಕಾನೂನಿಗೆ ಪಂದ್ಯದ ದಿನ ರಜೆಯೆ?

ಜಮಾಖರ್ಚಿನ ಪುಸ್ತಕ ತೆರೆದು ನೋಡಿದರೆ ವಿಷಯ ತಿಳಿಯಾಗುತ್ತದೆ. ಟಿಕೆಟ್ಟಿನ ಹಣ, ಜಾಹೀರಾತಿನ ಹಣ, ಟೆಲಿವಿಷನ್ನಿನ ಹಣ ಆಟ ನಡೆಸುವವರ ಜಮೆ. ನಿಂತ ಬಸ್ಸು, ಕೆಟ್ಟ ವ್ಯಾಪಾರ, ತುಂಬಿದ ಕಸ, ಬೌರಿಂಗ್ ಆಸ್ಪತ್ರೆಗೆ ಹೋಗಲಾರದೆ ಸಿಕ್ಕಿಕೊಂಡ ರೋಗಿಯ ಪಾಡು ಊರಿನವರ ಖರ್ಚು. ಬಂದೋಬಸ್ತಿಗೆ ಶುಲ್ಕ ಕಟ್ಟಿದ್ದೇವೆ ಎಂದು ಅವರು ಹೇಳಬಹುದು. ಪೋಲೀಸಿನವರ ಶುಲ್ಕ ಬೇರೆ, ಬೀದಿಯ ಬಾಡಿಗೆ ಬೇರೆ. ಮದುವೆಗೆ ಚಪ್ಪರ ಹಾಕಲು ಬಡವ ಅಪ್ಪಣೆ ಬೇಡುತ್ತಾನೆ; ಹತ್ತು ಬೀದಿಗಳನ್ನು ಹಿಡಿಯುವವರು ಹೊಣೆ ಹೊರಬಾರದೆ?

ಆದ್ದರಿಂದ ನಾವು ಒತ್ತಾಯಪಡಿಸುವುದು ಇಷ್ಟು. ಮೊದಲನೆಯದಾಗಿ, ಪ್ರತಿಯೊಂದು ಪಂದ್ಯದ ಟಿಕೆಟ್ಟಿನಲ್ಲಿಯೇ ಹೋಗಿಬರುವ ಬಸ್ಸು ಮತ್ತು ಮೆಟ್ರೋ ದರ ಸೇರಿರಬೇಕು. ಅದರ ಹೊರೆ ಪ್ರೇಕ್ಷಕನದಲ್ಲ, ಆಟ ನಡೆಸುವವರದು. ಎರಡನೆಯದಾಗಿ, ಆಟ ಮುಗಿಯುವ ಹೊತ್ತಿಗೆ ಪೀಣ್ಯ, ಕೆಂಗೇರಿ, ಹೊಸಕೋಟೆಯಂಥ ದಿಕ್ಕುಗಳಿಗೂ ರೈಲು ನಿಲ್ದಾಣಕ್ಕೂ ಬಸ್ಸುಗಳು ಸಿದ್ಧವಿರಬೇಕು. ಮೂರನೆಯದಾಗಿ, ಕ್ರೀಡಾಂಗಣದಿಂದ ಮೆಟ್ರೋವರೆಗಿನ ದಾರಿ ನಡೆಯುವವರಿಗೇ ಮೀಸಲಾಗಿ, ದೀಪ ಹಾಗೂ ನೀರಿನೊಡನೆ ಇರಬೇಕು. ಕಾಲುಹಾದಿಯ ಮೇಲೆ ಯಾವ ದೊಡ್ಡ ಮನುಷ್ಯನ ಕಾರೂ ನಿಲ್ಲಬಾರದು. ನಾಲ್ಕನೆಯದಾಗಿ, ಆಂಬುಲೆನ್ಸಿನ ದಾರಿ ಯಾವ ಕಾರಣಕ್ಕೂ ಮುಚ್ಚಬಾರದು. ಐದನೆಯದಾಗಿ, ತಳ್ಳುಗಾಡಿಯವರಿಗೆ ಗೊತ್ತಾದ ಜಾಗ ಕೊಡಬೇಕು. ಕೊನೆಯದಾಗಿ, ಈ ಏರ್ಪಾಡು ಒಂದು ವಾರ ಮುಂಚೆಯೇ ಕನ್ನಡದಲ್ಲಿ ಅಚ್ಚಾಗಿ ಬಸ್ ನಿಲ್ದಾಣಗಳಲ್ಲಿಯೂ ರೈಲು ನಿಲ್ದಾಣಗಳಲ್ಲಿಯೂ ಜನರ ಕಣ್ಣಿಗೆ ಬೀಳಬೇಕು.

ಬೊಮ್ಮಸಂದ್ರದ ಬಳಿ 80,000 ಜನ ಕೂರುವ ಹೊಸ ಕ್ರೀಡಾಂಗಣದ ಯೋಜನೆಯನ್ನು ಸರಕಾರ 2025ರಲ್ಲಿ ಮುಂದಿಟ್ಟಿತು. ಅಲ್ಲಿಗೆ ಹೋಗುವ ಹಳದಿ ಮಾರ್ಗದ ಮೆಟ್ರೋ ಅದೇ ವರ್ಷ ಆಗಸ್ಟಿನಲ್ಲಿ ಆರಂಭವಾದಾಗ ಮೂರೇ ಗಾಡಿ, 25 ನಿಮಿಷಕ್ಕೊಂದು. ಊರಾಚೆ ಕಟ್ಟಿದ ಮಾತ್ರಕ್ಕೆ ತೊಂದರೆ ತಪ್ಪದು. ಗಾಡಿ, ಬಸ್ಸು, ಬಾಗಿಲುಗಳ ಲೆಕ್ಕ ಮೊದಲು, ಆಸನಗಳ ಲೆಕ್ಕ ಆಮೇಲೆ ಎಂಬ ಬುದ್ಧಿ ಬಾರದಿದ್ದರೆ ಚಿನ್ನಸ್ವಾಮಿಯ ಕಥೆ ಬೊಮ್ಮಸಂದ್ರದಲ್ಲಿ ಇಮ್ಮಡಿಯಾದೀತು.

ನಮಗೆ ಆಟದ ಮೇಲೆ ದ್ವೇಷವಿಲ್ಲ. ದುಡಿಯುವವನಿಗೆ ವರ್ಷಕ್ಕೊಂದು ಸಂಜೆ ಸಂತೋಷದಿಂದ ಕೂಗಾಡುವ ಹಕ್ಕು ಉಂಟು. ಆದರೆ ಕೂಗಿ ಮುಗಿದ ಮೇಲೆ ಅವನು ಮನೆಗೆ ಹಿಂತಿರುಗಬೇಕು; ಮರುದಿನ ಬೆಳಗಿನ ಪಾಳಿಗೆ ಅವನು ಹಾಜರಿರಬೇಕು. ಅದನ್ನು ನೋಡಿಕೊಳ್ಳಲಾರದವರಿಗೆ ಜನ ಸೇರಿಸುವ ಅಧಿಕಾರವಿಲ್ಲ.