ಗೋಡೆ ಮೇಲೆ ಸಮುರಾಯ್, ಬದುವಲ್ಲಿ ವೀರಗಲ್ಲು

ಬೆಂಗಳೂರಿನ ನನ್ನ ರೂಮಿನ ಗೋಡೆ ಮೇಲೆ ಕುನಿಯೋಶಿಯ ಸಮುರಾಯ್ ಒಬ್ಬ ಕತ್ತಿ ಎತ್ತಿ ನಿಂತಿದ್ದಾನೆ. ಫ್ರೇಮಿಗೇ 2000 ರೂಪಾಯಿ ಕೊಟ್ಟಿದ್ದೇನೆ. ಬಂಗಾರಪೇಟೆಯಲ್ಲಿ ಟ್ರೈನ್ ಇಳಿದು ಬೇತಮಂಗಲದ ಬಸ್ಸು ಹತ್ತಿದರೆ, ಊರ ಕಡೆ ಹೊಲದ ಬದುವಲ್ಲಿ ಇನ್ನೊಬ್ಬ ಹಾಗೇ ನಿಂತಿದ್ದಾನೆ, ಕಲ್ಲಲ್ಲಿ. ಅವನಿಗೆ ಇಷ್ಟು ವರ್ಷದಲ್ಲಿ ಎರಡು ನಿಮಿಷ ಕೊಟ್ಟಿಲ್ಲ. ಹಾಗಾಗಿ ಈ ಬೈಗುಳ ಮೊದಲು ನನಗೆ, ಆಮೇಲೆ ನಿಮಗೆ.

‘ಜಪಾನಿನವರಿಗೆ ಅವರ ವೀರರ ಮೇಲೆ ಎಂಥಾ ಗೌರವ, ನಮಗೆಲ್ಲಿದೆ’ ಅಂತ ಕಾಫಿ ಹೊತ್ತಲ್ಲಿ ಹೇಳ್ತೀವಲ್ಲ, ಅದು ಅರ್ಧ ಸತ್ಯ. ಎದೋ ಪಟ್ಟಣದಲ್ಲಿ ಆ ಮರದಚ್ಚಿನ ಚಿತ್ರಗಳು ಬೀದಿ ಅಂಗಡಿಯ ಅಗ್ಗದ ಮಾಲು. 47 ರೋನಿನ್‌ಗಳು ಒಡೆಯನ ಸೇಡು ತೀರಿಸಿದ್ದು 1703ರಲ್ಲಿ. ಕುನಿಯೋಶಿ ಅವರ ಚಿತ್ರಮಾಲೆ ತಂದದ್ದು 1847ರಲ್ಲಿ. ಅಷ್ಟು ವರ್ಷ ಕಳೆದರೂ ಸರ್ಕಾರದ ಸೆನ್ಸಾರ್‌ಗೆ ಹೆದರಿ ಹೆಸರುಗಳನ್ನು ತಿರುಚಬೇಕಾಯಿತು.

ಈಗ ನಮ್ಮ ವೀರಗಲ್ಲು ನೋಡಿ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಪಕ್ಕಾ ಕಾಮಿಕ್ ಸ್ಟ್ರಿಪ್, ಕೆಳಗಿಂದ ಮೇಲಕ್ಕೆ ಓದಬೇಕು ಅಷ್ಟೇ. ಸತ್ತವನು ದೊರೆಯೇ ಆಗಬೇಕಿಲ್ಲ. ಗಂಗರು, ನೊಳಂಬರು ಆಳಿದ ಕೋಲಾರ ಸೀಮೆಯಲ್ಲಿ ಊರ ದನ ಹೊಡ್ಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತವನಿಗೂ ಕಲ್ಲಿದೆ. ಶಾಸನವಿದ್ದರೆ ತಿರುಚದ ಹೆಸರಿದೆ. ಎಷ್ಟೋ ಕಡೆ ಮನೆಯವರಿಗೆ ‘ಬಾಳ್ಗಳ್ಚು’ ಅಂತ ಜಮೀನು ಬಿಟ್ಟ ವಿವರವೂ ಇದೆ. ಅಂದರೆ ಇದು ಬರೀ ಚಿತ್ರ ಅಲ್ಲ, ಸತ್ತವನ ಮಕ್ಕಳಿಗೆ ಊರು ಕೊಟ್ಟ ಮಾತು.

‘ಅದೆಲ್ಲ ಇಲಾಖೆ ಕೆಲಸ’ ಅಂತೀರ. ಬಿ.ಎಲ್. ರೈಸ್ 1905ರಲ್ಲೇ ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಪುಸ್ತಕದಲ್ಲಿ ಅಕ್ಷರ ಉಳೀತು. ಕಲ್ಲು ಉಳಿಯೋಕೆ ಊರಿನವರೇ ಬೇಕು. ಲೇಔಟ್ ಮಾಡೋಕೆ ಬರುವ ಜೆಸಿಬಿ ಪುಸ್ತಕ ಓದಲ್ಲ. ಬರೀ ಶಿಲ್ಪವಿದ್ದು ಅಕ್ಷರವಿಲ್ಲದ ಕಲ್ಲು ಹೋದರೆ ಪುಸ್ತಕದಲ್ಲೂ ಸಿಗಲ್ಲ. ಬೆಂಗಳೂರು ಸುತ್ತಿನ ಶಾಸನಗಳನ್ನು ಮಿಥಿಕ್ ಸೊಸೈಟಿಯವರು 3ಡಿ ಸ್ಕ್ಯಾನ್ ಮಾಡ್ತಿದ್ದಾರೆ. ನಮ್ಮ ಜೇಬಲ್ಲಿ ಕ್ಯಾಮೆರಾ ಇದೆ, ಜಿಪಿಎಸ್ ಇದೆ. ಇಲ್ಲದಿರೋದು ಮನಸ್ಸು.

ಕುನಿಯೋಶಿಯನ್ನು ಗೋಡೆಯಿಂದ ಇಳಿಸಿ ಅಂತಿಲ್ಲ. ನಾನೂ ಇಳಿಸಲ್ಲ. ಮುಂದಿನ ಸಲ ಊರಿಗೆ ಹೋದಾಗ ಒಂದು ಕಲ್ಲು ಹುಡುಕಿ, ಫೋಟೋ ತೆಗೀರಿ, ಜಾಗ ಗುರುತು ಹಾಕಿ. ಆಮೇಲೆ ಹೊಲದ ಯಜಮಾನರ ಹತ್ರ ಕೂತು ಹೇಳಿ: ‘ಅಣ್ಣಾ, ಇದನ್ನ ಕೀಳಬೇಡಿ. ಇವನು ಊರಿಗೋಸ್ಕರ ಸತ್ತವನು.’